ನಿಮ್ಮೂರು ಯಾವ ಪರಗಣೆಯದು, ಯಾವ ನಾಡಿನದು? ಉತಾರದಿಂದ ಶಾಸನದವರೆಗೆ ಹಿಂದಕ್ಕೆ ಹೋಗುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಯಾವುದೇ ಹಳ್ಳಿಯ ಹಳೇ ಕಾಗದ ಹುಡುಕಲು ಹೊರಟವರು ಮೊದಲು ಒಂದು ಪ್ರಶ್ನೆ ಬಗೆಹರಿಸಿಕೊಳ್ಳಬೇಕು. ಆ ಕಾಗದ ಹುಟ್ಟಿದ ವರ್ಷ ಊರು ಯಾವ ಕಚೇರಿಗೆ ಲೆಕ್ಕ ಒಪ್ಪಿಸುತ್ತಿತ್ತು? ತೇರದಾಳದ 1930ರ ಕಂದಾಯದ ಲೆಕ್ಕವನ್ನು ವಿಜಾಪುರ ಜಿಲ್ಲೆಯ ದಫ್ತರದಲ್ಲಿ ಹುಡುಕಿದರೆ ಸಿಗುವುದಿಲ್ಲ, ಯಾಕಂದರೆ ಆಗ ತೇರದಾಳ ಸಾಂಗ್ಲಿ ಸಂಸ್ಥಾನದ ಒಂದು ತಾಲ್ಲೂಕು. ವಿಜಯಪುರದ ಕಡೆಯ ಇಂಡಿ ಊರಿನ 1850ರ ಪತ್ರವ್ಯವಹಾರವನ್ನು ಬೆಳಗಾವಿಯ ಕಡತಗಳಲ್ಲಿ ಹುಡುಕಿದರೂ ಅದೇ ಪಾಡು, ಆಗ ಇಂಡಿ ಸೊಲ್ಲಾಪುರ ಕಲೆಕ್ಟರಿಯಲ್ಲಿತ್ತು. ಊರು ಇದ್ದಲ್ಲೇ ಇರುತ್ತದೆ, ಮೇಲಿನ ಕಚೇರಿ ಬದಲಾಗುತ್ತದೆ, ಕಾಗದ ಕಚೇರಿಯ ಬೆನ್ನು ಹತ್ತಿ ಹೋಗುತ್ತದೆ.

ಹೆಚ್ಚಿನವರು ಹಳೆಯದರಿಂದ ಶುರು ಮಾಡುತ್ತಾರೆ. ಊರ ಗುಡಿಯ ಮುಂದಿನ ಶಾಸನದಲ್ಲಿ ಏನೋ ಒಂದು ಹೆಸರು ಕಂಡು, ಅಲ್ಲಿಂದ ಇವತ್ತಿನ ಊರಿಗೆ ಜಿಗಿಯುತ್ತಾರೆ. ಇದು ತಿರುವುಮುರುವು ದಾರಿ. ಇವತ್ತಿನ ಉತಾರದಿಂದ (ಅಂದರೆ ಹೊಲದ ಪಹಣಿಯಿಂದ) ಹೊರಟು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪ್ರತಿ ಮೆಟ್ಟಿಲಲ್ಲೂ ಊರಿನ ಗಡಿ ಹಿಂದಿನ ಮೆಟ್ಟಿಲಿನದಕ್ಕೆ ಕೂಡುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಮುಂದಿನದಕ್ಕೆ ಕಾಲಿಡಬೇಕು.

ಮೊದಲು ಹಾಳೆ ಸಿದ್ಧ ಮಾಡಿಕೊಳ್ಳಿ

ಒಂದು ಉದ್ದನೆಯ ಹಾಳೆ ಅಥವಾ ಎಕ್ಸೆಲ್ ಪುಟ ಸಾಕು. ಎಂಟು ಕಾಲಂ ಹಾಕಿ: ವರ್ಷ (ದಾಖಲೆಯಲ್ಲಿ ಇದ್ದ ಹಾಗೆಯೇ), ಇಸವಿ, ಊರಿನ ಹೆಸರು ಬರೆದಿರುವ ರೀತಿ, ಊರಿನ ಮೇಲಿನ ಚಿಕ್ಕ ಘಟಕ, ಅದರ ಮೇಲಿನ ದೊಡ್ಡ ಘಟಕ, ಕೇಂದ್ರಸ್ಥಳ, ದಾಖಲೆಯ ಭಾಷೆ ಮತ್ತು ಲಿಪಿ, ಅದು ಈಗ ಎಲ್ಲಿದೆ. ವರ್ಷಕ್ಕೆ ಎರಡು ಕಾಲಂ ಏಕೆ ಬೇಕೆಂಬುದು ಪೇಶ್ವೆ ಕಾಲಕ್ಕೆ ಬಂದಾಗ ಗೊತ್ತಾಗುತ್ತದೆ. ಊರಿನ ಹೆಸರನ್ನು ತಿದ್ದಿ ಬರೆಯಬೇಡಿ. ‘ಸವದತ್ತಿ’ ಎಂದು ನಿಮಗೆ ಗೊತ್ತಿದ್ದರೂ ದಾಖಲೆಯಲ್ಲಿ ‘ಸುಗಂಧವರ್ತಿ’ ಎಂದಿದ್ದರೆ ಹಾಗೆಯೇ ಬರೆಯಿರಿ, ಸವದತ್ತಿ ಎಂಬುದು ನಿಮ್ಮ ತೀರ್ಮಾನ, ದಾಖಲೆಯ ಮಾತಲ್ಲ.

ಇವತ್ತಿನ ಮೆಟ್ಟಿಲು

ನಿಮ್ಮ ಊರಿಗೆ ಈಗ ಎರಡು ಸಾಲು ಯಜಮಾನರಿದ್ದಾರೆ. ಕಂದಾಯದ ಸಾಲಿನಲ್ಲಿ ಕಂದಾಯ ಗ್ರಾಮ, ಹೋಬಳಿ, ತಾಲ್ಲೂಕು, ಉಪವಿಭಾಗ, ಜಿಲ್ಲೆ. ಪಂಚಾಯತಿ ಸಾಲಿನಲ್ಲಿ ಗ್ರಾಮ ಪಂಚಾಯತಿ, ತಾಲ್ಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ. ಇವೆರಡೂ ಒಂದೇ ಎಂದು ತಿಳಿದರೆ ಅಲ್ಲಿಗೇ ದಾರಿ ತಪ್ಪಿತು. ಒಂದು ಗ್ರಾಮ ಪಂಚಾಯತಿಯಲ್ಲಿ ನಾಲ್ಕೈದು ಕಂದಾಯ ಗ್ರಾಮ ಇರಬಹುದು, ಮತ್ತು ಪಂಚಾಯತಿಯ ಗಡಿ ಕಂದಾಯದ್ದಕ್ಕಿಂತ ಬಹಳ ಬೇಗ ಬದಲಾಗಿದೆ. 1983ರ ಕಾಯ್ದೆಯ ಮಂಡಲ ಪಂಚಾಯತಿ 8,000ದಿಂದ 12,000 ಜನಸಂಖ್ಯೆಗೆ ಒಂದು. 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮ ಪಂಚಾಯತಿ 5,000ದಿಂದ 7,000ಕ್ಕೆ ಒಂದು. 2015ರಲ್ಲಿ ಮತ್ತೆ ವಿಂಗಡಣೆಯಾಯಿತು. ಹಾಗಾಗಿ 1988ರ ಮಂಡಲದ ಠರಾವು ಪುಸ್ತಕ ಈಗಿನ ನಿಮ್ಮ ಪಂಚಾಯತಿಯಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಮಂಡಲದ ಕೇಂದ್ರವಾಗಿದ್ದ ಪಕ್ಕದೂರಲ್ಲಿ ಕೇಳಿ.

ಇತಿಹಾಸ ಹುಡುಕುವವರಿಗೆ ಕಂದಾಯ ಗ್ರಾಮವೇ ಕಂಬ. ಊರಿನ ಯಾವುದಾದರೂ ಒಂದು ಹೊಲದ ಉತಾರ ತೆಗೆಸಿ, ಮೇಲಿನ ಸಾಲಿನಲ್ಲಿರುವ ಗ್ರಾಮ, ಹೋಬಳಿ, ತಾಲ್ಲೂಕು ಬರೆದುಕೊಳ್ಳಿ. ಜೊತೆಗೆ 2011ರ ಜನಗಣತಿಯ ಗ್ರಾಮ ಸಂಖ್ಯೆಯನ್ನೂ ಬರೆದಿಡಿ. ಆರು ಅಂಕಿಯ ಆ ಸಂಖ್ಯೆ ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸುತ್ತದೆ. ನಮ್ಮ ಸೀಮೆಯಲ್ಲಿ ಈ ತೊಡಕು ಬಹಳ. ಬೆಳಗಾವಿ ತಾಲ್ಲೂಕಿನ ಹಿರೇಬಾಗೇವಾಡಿ ಬೇರೆ, ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಬೇರೆ, ಹಳೇ ದಾಖಲೆಗಳಲ್ಲಿ ಎರಡೂ ಬರೀ ‘ಬಾಗೇವಾಡಿ’. ಗೋಕಾಕದ ಕೊಣ್ಣೂರು ಒಂದು, ನರಗುಂದದ ಕೊಣ್ಣೂರು ಇನ್ನೊಂದು. ‘ಹುಬ್ಬಳ್ಳಿ’ ಎಂದು ಕಂಡಾಗಲೆಲ್ಲ ಅದು ಕಿತ್ತೂರು ಹತ್ತಿರದ ಎಂ.ಕೆ. ಹುಬ್ಬಳ್ಳಿಯೂ ಆಗಿರಬಹುದು ಎಂಬ ಅನುಮಾನ ಇರಲಿ.

ಹೆಸರಿನ ಬೆನ್ನಿಗಿರುವ ಬಿಡಿ ಅಕ್ಷರಗಳನ್ನು ಬಿಟ್ಟು ಬರೆಯಬೇಡಿ. ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಎಂಬಲ್ಲಿ ಅವು ಬುದ್ರುಕ ಮತ್ತು ಖುರ್ದ, ಅಂದರೆ ಹಿರೇ ಮತ್ತು ಚಿಕ್ಕ. ಒಂದು ಊರು ಯಾವಾಗಲೋ ಎರಡಾಗಿದೆ ಎಂಬ ಸುಳಿವು ಅಲ್ಲಿಯೇ ಸಿಕ್ಕಿತು. ಎರಡಾಗುವ ಮುಂಚಿನ ದಾಖಲೆಯಲ್ಲಿ ಆ ಅಕ್ಷರಗಳು ಇರುವುದಿಲ್ಲ, ಮತ್ತು ಅಲ್ಲಿ ಬರುವ ಊರು ಎರಡರದ್ದೂ ಹಿರಿಯ.

‘ಹೋಬಳಿ’ಯ ಬಗ್ಗೆ ಎಚ್ಚರ. ಇದು ಹಳೇ ಮೈಸೂರಿನ ಘಟಕ. ಮುಂಬಯಿ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಇದ್ದದ್ದು ಸರ್ಕಲ್. ಚಿಕ್ಕ ತಾಲ್ಲೂಕಿನಂಥದಕ್ಕೆ ಮಹಾಲ ಅಥವಾ ಪೇಟಾ ಎನ್ನುತ್ತಿದ್ದರು. 1956ಕ್ಕಿಂತ ಹಿಂದಿನ ಕಾಗದದಲ್ಲಿ ನಿಮ್ಮ ಊರಿನ ಹೋಬಳಿ ಹುಡುಕುವುದು ಕಾಲಹರಣ.

ಸರ್ವೆಯ ಮೆಟ್ಟಿಲು

ಊರಿನ ಗಡಿಯನ್ನು ಅಳೆದು ಕಾಗದಕ್ಕೆ ಇಳಿಸಿದ್ದು ಮುಂಬಯಿ ಸರ್ವೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಸೇರಿ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಸೆದ ಈ ಪದ್ಧತಿ 1840ರ ದಶಕದಲ್ಲಿ ಧಾರವಾಡ ಕಡೆಗೂ, ಆಮೇಲೆ ನಮ್ಮ ಉಳಿದ ತಾಲ್ಲೂಕುಗಳಿಗೂ ಬಂತು. 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ. ಈ ಅಳತೆ ಈಗಲೂ ನಡೆಯುತ್ತಿರುವುದರಿಂದಲೇ ಆಗಿನ ಕಾಗದವನ್ನೂ ಈಗಿನ ಉತಾರವನ್ನೂ ಎದುರುಬದುರು ಇಟ್ಟು ನೋಡಲು ಬರುತ್ತದೆ.

ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ (ಜನ ಸರ್ವೆ ಆಫೀಸು ಎನ್ನುವುದು) ಮೂರು ನಕಲು ಕೇಳಿ: ಗ್ರಾಮ ನಕಾಶೆ, ಆಕಾರಬಂದ (ಸರ್ವೆ ನಂಬರುವಾರು ಕ್ಷೇತ್ರ ಮತ್ತು ಕಂದಾಯದ ಪಟ್ಟಿ), ಮತ್ತು ನಿಮಗೆ ಬೇಕಾದ ಸರ್ವೆ ನಂಬರಿನ ಟಿಪ್ಪಣ (ಹೊಲದ ಅಳತೆಯ ಕೈನಕ್ಷೆ). ನಕಾಶೆಯ ಮೂಲೆಯಲ್ಲಿ ಅಳತೆಯ ಪ್ರಮಾಣ ಬರೆದಿರುತ್ತದೆ. ಸಾಮಾನ್ಯವಾಗಿ 1:7,920, ಅಂದರೆ ಒಂದು ಇಂಚಿಗೆ 660 ಅಡಿ, 33 ಅಡಿಯ 20 ಸರಪಳಿ. ಝೆರಾಕ್ಸ್ ಮಾಡಿಸುವಾಗ ಚಿಕ್ಕದು ಮಾಡಿಸಿದರೆ ಈ ಪ್ರಮಾಣ ಸುಳ್ಳಾಗುತ್ತದೆ, ಮೂಲದ ಗಾತ್ರದಲ್ಲೇ ತೆಗೆಸಿ.

ನಕಾಶೆಯಲ್ಲಿ ಮೊದಲು ನೋಡಬೇಕಾದ್ದು ನಿಮ್ಮ ಹೊಲವಲ್ಲ, ಅಂಚು. ಸುತ್ತಲಿನ ಊರುಗಳ ಹೆಸರನ್ನು ಮೂಡಣದಿಂದ ಶುರು ಮಾಡಿ ದಿಕ್ಕಿನ ಪ್ರಕಾರ ಬರೆದುಕೊಳ್ಳಿ. ಮೂರು ಊರಿನ ಗಡಿ ಕೂಡುವ ಕಲ್ಲುಗಳನ್ನು ಗುರುತು ಹಾಕಿ. ಹಳ್ಳ, ಗುಡ್ಡ, ಹಳೇ ದಾರಿ ಗಡಿಯಾಗಿರುವ ಕಡೆಗೆ ಬೇರೆ ಬಣ್ಣ ಹಾಕಿ. ಶಾಸನಕ್ಕೆ ಇಳಿದಾಗ ಕೈಹಿಡಿಯುವುದು ಈ ಪಟ್ಟಿಯೇ. ಗೆರೆ ಎಳೆದ ಹಾಗೆ ನೇರ ಹೋಗಿರುವ ಗಡಿಗಿಂತ ಹಳ್ಳದ ಜೊತೆ ಡೊಂಕಾಗಿ ಹೋಗಿರುವ ಗಡಿ ಸಾಮಾನ್ಯವಾಗಿ ಹಳೆಯದು.

ಇಲ್ಲಿ ಎಡವುವ ಜಾಗಗಳು ಮೂರು. ಒಂದು, ಸರ್ವೆ ನಂಬರು ಶಾಶ್ವತವಲ್ಲ. ಮೊದಲ ಸೆಟಲ್‌ಮೆಂಟಿನ (ಕಂದಾಯ ನಿಗದಿಯ) ಅವಧಿ 30 ವರ್ಷ, ಆಮೇಲೆ ರಿವಿಜನ್ ಸರ್ವೆ ನಡೆದಾಗ ನಂಬರುಗಳು ಬದಲಾದವು. 1860ರ ಕಾಗದದ 42ನೇ ನಂಬರು ಈಗಿನ 42 ಎಂದುಕೊಳ್ಳಬೇಡಿ, ಹಳೇ ನಂಬರು-ಹೊಸ ನಂಬರು ಎದುರುಬದುರು ಇರುವ ಪತ್ರಕ ಕೇಳಿ. ಎರಡು, ಗಾವಠಾಣಕ್ಕೆ, ಅಂದರೆ ಮನೆಗಳಿರುವ ಜಾಗಕ್ಕೆ, ಹೊಲದಂತೆ ಸರ್ವೆ ನಂಬರು ಇರುವುದಿಲ್ಲ. ಮನೆಯ ಕಾಗದ ಪಂಚಾಯತಿಯಲ್ಲಿ, ಪಟ್ಟಣವಾದರೆ ಸಿಟಿ ಸರ್ವೆಯಲ್ಲಿ. ಮೂರು, ಎಕರೆ-ಗುಂಟೆಗೆ ಮುಂಚಿನ ಕೂರಿಗೆ, ಬಿಘೆ, ಚಾವರ, ಮತ್ತರುಗಳನ್ನು ಎಕರೆಗೆ ತಿರುಗಿಸಲು ಹೋಗಬೇಡಿ. ಕೂರಿಗೆ ಎಂದರೆ ಒಂದು ದಿನಕ್ಕೆ ಬಿತ್ತುವಷ್ಟು ನೆಲ, ಎರೆಯಲ್ಲಿ ಒಂದು, ಮಸಾರಿಯಲ್ಲಿ ಇನ್ನೊಂದು. ಮತ್ತರನ್ನಂತೂ ಆಯಾ ಊರಿನ ದೇವರ ಹೆಸರಿನ ಕೋಲಿನಿಂದ ಅಳೆಯುತ್ತಿದ್ದರು.

ಮುಂಬಯಿ ಸೀಮೆಯಲ್ಲಿ ಹಕ್ಕುದಾಖಲೆ ಶುರುವಾಗಿದ್ದು 1903ರ ಕಾಯ್ದೆಯಿಂದ. ‘ನಮ್ಮಜ್ಜನ ಹೆಸರು 1880ರ ಉತಾರದಲ್ಲಿದೆ’ ಎಂದು ಯಾರಾದರೂ ಹೇಳಿದರೆ ಅದು ಈಗಿನ ಅರ್ಥದ ಉತಾರವಾಗಿರಲಾರದು, ಖಾತೆ ಅಥವಾ ಸೆಟಲ್‌ಮೆಂಟಿನ ಪತ್ರಕ ಇರಬೇಕು. 2000ದ ನಂತರ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು, ಅದಕ್ಕೂ ಹಿಂದಿನದಕ್ಕೆ ಕೈಬರಹದ ಉತಾರ ಎಂದೇ ಅರ್ಜಿಯಲ್ಲಿ ಬರೆಯಿರಿ.

ಅರ್ಜಿ ಕೊಡುವುದು

ಮೊದಲು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಸಾದಾ ನಕಲು ಅರ್ಜಿ. ‘ನಮ್ಮೂರಿನ ಎಲ್ಲಾ ಹಳೇ ದಾಖಲೆ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಖಾತ್ರಿ. ಗ್ರಾಮದ ಹೆಸರು, ಆಗಿನ ತಾಲ್ಲೂಕಿನ ಹೆಸರು, ದಾಖಲೆಯ ಹೆಸರು, ವರ್ಷದ ಅಂತರ, ಈ ನಾಲ್ಕನ್ನೂ ಬರೆಯಿರಿ. ಆಗಿನ ತಾಲ್ಲೂಕು ಎಂದು ಒತ್ತಿ ಹೇಳಲು ಕಾರಣವಿದೆ. ಕಟ್ಟುಗಳ ಮೇಲಿನ ಚೀಟಿಯಲ್ಲಿ ‘ಪರಸಗಡ’ ಎಂದಿರುತ್ತದೆ, ನೀವು ‘ಸವದತ್ತಿ’ ಎಂದು ಕೇಳಿದರೆ ಗುಮಾಸ್ತರಿಗೆ ಹೊಳೆಯದಿರಬಹುದು. ಬೈಲಹೊಂಗಲದ ಹಳೇ ಹೆಸರು ಸಂಪಗಾಂವ ತಾಲ್ಲೂಕು, ಖಾನಾಪುರದ್ದು ಬೀಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಊರಿನ ಇತಿಹಾಸ ಕೇಳಬಾರದು, ದಾಖಲೆ ಕೇಳಬೇಕು.

1818ರಿಂದ ಈಚೆಗೆ: ಯಾವ ಜಿಲ್ಲೆ, ಯಾವಾಗ

ಇದು ಬಹಳ ಮಂದಿ ಜಾರಿ ಬೀಳುವ ಜಾಗ, ನಿಧಾನವಾಗಿ ನೋಡೋಣ.

ಪೇಶ್ವೆಯ ಆಡಳಿತ 1818ರಲ್ಲಿ ಬಿತ್ತು. ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋ ಆ ವರ್ಷ ಫೆಬ್ರುವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ ಕೋಟೆ ತೆಗೆದುಕೊಂಡ. ಕೃಷ್ಣೆಯ ದಕ್ಷಿಣಕ್ಕೆ ಕಂಪನಿಗೆ ಸೇರಿದ ಊರುಗಳೆಲ್ಲ ಮೊದಲು ಧಾರವಾಡದ ಕೈಗೆ ಬಂದವು. 1836ರಲ್ಲಿ ಅದರ ಉತ್ತರ ಭಾಗ ಒಡೆದು ಬೆಳಗಾವಿ ಕಲೆಕ್ಟರಿ ಆಯಿತು. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಬೆಳಗಾವಿಗೆ ಸೇರಿದ್ದವು. ಚಿಕ್ಕೋಡಿ, ಮುನವಳ್ಳಿ ಕಡೆಯ ಊರುಗಳು 1827ರವರೆಗೆ ಕೊಲ್ಹಾಪುರದ ಜೊತೆಗಿನ ಎಳೆದಾಟದಲ್ಲಿದ್ದವು. ಕಿತ್ತೂರು 1824ರವರೆಗೆ ದೇಸಗತಿ, ಅಂದರೆ ದೇಸಾಯಿ ಮನೆತನದ ಕೈಯಲ್ಲಿತ್ತು. ಆ ವರ್ಷದ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯ ಎದುರು ಸತ್ತ ಕಲೆಕ್ಟರ್ ಥ್ಯಾಕರೆ ಧಾರವಾಡದವನು ಎಂಬುದೇ ಆಗಿನ ಗಡಿ ಎಲ್ಲಿತ್ತು ಎಂದು ಹೇಳುತ್ತದೆ.

ವಿಜಾಪುರದ ಕಥೆ ಬೇರೆ. ಊರು 1760ರಲ್ಲಿ ನಿಜಾಮನಿಂದ ಪೇಶ್ವೆಗೆ ಬಂದಿತ್ತು. 1818ರಲ್ಲಿ ಕಂಪನಿಯವರು ಅದನ್ನು ತಾವಿಟ್ಟುಕೊಳ್ಳದೆ ಸಾತಾರೆಯ ರಾಜನಿಗೆ ಕೊಟ್ಟರು. 1848ರಲ್ಲಿ ಸಾತಾರೆ ಕಂಪನಿಗೆ ಸೇರಿದಾಗಲೇ ವಿಜಾಪುರವೂ ಸೇರಿದ್ದು. ಇಂಡಿ, ಹಿಪ್ಪರಗಿ, ಮುದ್ದೇಬಿಹಾಳ 1838ರಿಂದ ಸೊಲ್ಲಾಪುರ ಕಲೆಕ್ಟರಿಯ ಭಾಗ. 1864ರಲ್ಲಿ ಕೃಷ್ಣೆಯ ಎರಡೂ ದಂಡೆಯ ಈ ತಾಲ್ಲೂಕುಗಳನ್ನು ಕೂಡಿಸಿ ಕಲಾದಗಿ ಜಿಲ್ಲೆ ಮಾಡಿದರು, 1885ರ ಹೊತ್ತಿಗೆ ಕೇಂದ್ರ ವಿಜಾಪುರಕ್ಕೆ ಬಂದು ಹೆಸರೂ ಬದಲಾಯಿತು. ಹೀಗಾಗಿ ಕೃಷ್ಣೆಯ ಈಚೆಯ ಹುನಗುಂದಕ್ಕೂ ಆಚೆಯ ಇಂಡಿಗೂ 1864ರ ಮುಂಚೆ ಒಂದೇ ಜಿಲ್ಲಾ ಕಚೇರಿ ಇರಲಿಲ್ಲ. 1870ರ ಆಸುಪಾಸಿನ ಸೆಟಲ್‌ಮೆಂಟ್ ವರದಿ ಹುಡುಕುವಾಗ ‘ಕಲಾದಗಿ’ ಎಂಬ ಹೆಸರಿನಲ್ಲೇ ನೋಡಿ.

1884ರ ಮುಂಬಯಿ ಗೆಜೆಟಿಯರ್ ಈ ಮೆಟ್ಟಿಲಿಗೆ ಸಿಗುವ ಒಳ್ಳೆಯ ಕೈಪಿಡಿ. 21ನೇ ಸಂಪುಟ ಬೆಳಗಾವಿ, 23ನೇದು ವಿಜಾಪುರ. ಬೆಳಗಾವಿಗೆ ಆಗ ಏಳು ತಾಲ್ಲೂಕು: ಅಥಣಿ, ಚಿಕ್ಕೋಡಿ, ಗೋಕಾಕ, ಬೆಳಗಾವಿ, ಸಂಪಗಾಂವ, ಪರಸಗಡ, ಖಾನಾಪುರ. ವಿಜಾಪುರಕ್ಕೆ ಎಂಟು: ಇಂಡಿ, ಸಿಂದಗಿ, ವಿಜಾಪುರ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟೆ, ಹುನಗುಂದ, ಬಾದಾಮಿ. ಈ ಹದಿನೈದರ ಪಟ್ಟಿಯಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ರಾಯಬಾಗ ಇಲ್ಲ. ಮೊದಲ ಮೂರು ಸ್ವಂತ ಸಂಸ್ಥಾನಗಳು, ರಾಯಬಾಗ ಕೊಲ್ಹಾಪುರದ್ದು. ತೊರಗಲ್ಲ ಕೊಲ್ಹಾಪುರದ ಕೈಕೆಳಗಿನ ಜಹಗೀರು. ಬೆಳಗಾವಿಯ ಪೇಟೆಗೆ ಅಂಟಿಕೊಂಡಿದ್ದ ಶಹಾಪುರ ಕೂಡ ಸಾಂಗ್ಲಿಗೆ ಸೇರಿತ್ತು, ಒಂದು ಓಣಿ ದಾಟಿದರೆ ಬೇರೆ ರಾಜ್ಯ. ಈ ಸಂಸ್ಥಾನಗಳ ಊರುಗಳು ಬ್ರಿಟಿಷ್ ತಾಲ್ಲೂಕುಗಳ ನಡುವೆ ಚೆಲ್ಲಾಪಿಲ್ಲಿಯಾಗಿದ್ದವು. ಹಾಗಾಗಿ ‘ಸುತ್ತಲಿನ ಊರೆಲ್ಲ ಗೋಕಾಕ ತಾಲ್ಲೂಕು, ಇದೂ ಅದೇ ಇರಬೇಕು’ ಎಂಬ ಊಹೆಗೆ ಬೆಲೆಯಿಲ್ಲ.

ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ವಿಲೀನವಾದದ್ದು 1948ರ ಮಾರ್ಚ್ 8ಕ್ಕೆ, ಕೊಲ್ಹಾಪುರ 1949ರ ಮಾರ್ಚ್ 1ಕ್ಕೆ. ಜಮಖಂಡಿ, ಮುಧೋಳ ವಿಜಾಪುರ ಜಿಲ್ಲೆಗೆ, ರಾಮದುರ್ಗ ಬೆಳಗಾವಿಗೆ ಬಂದವು. 1956ರ ನವೆಂಬರ್ 1ರಂದು ಜಿಲ್ಲೆಗಳೆರಡೂ ಮೈಸೂರು ರಾಜ್ಯಕ್ಕೆ ಬಂದಾಗ ಬೆಳಗಾವಿಯ ಚಂದಗಡ ಮಾತ್ರ ಕೊಲ್ಹಾಪುರದ ಕಡೆ ಉಳಿಯಿತು. 1997ರಲ್ಲಿ ವಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಿಂದ ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತ. 2017-18ರ ಸುಮಾರಿಗೆ ನಿಪ್ಪಾಣಿ, ಕಾಗವಾಡ, ಮೂಡಲಗಿ, ಇಳಕಲ್ಲ, ಗುಳೇದಗುಡ್ಡ, ತಿಕೋಟಾ, ಚಡಚಣ, ತಾಳಿಕೋಟೆಯಂಥ ಹೊಸ ತಾಲ್ಲೂಕುಗಳು ಬಂದವು. ಹೊಸ ತಾಲ್ಲೂಕಿಗೆ ಹೋದ ಊರಿನ ಹಳೇ ಕಟ್ಟುಗಳು ಇನ್ನೂ ತಾಯಿ ತಾಲ್ಲೂಕಿನಲ್ಲೇ ಇರಬಹುದು, ಎರಡೂ ಕಡೆ ವಿಚಾರಿಸಿ.

ಊರ ನೌಕರರ ಹೆಸರುಗಳೂ ಕಾಲ ತಿಳಿಸುತ್ತವೆ. ಗೌಡ (ಪಾಟೀಲ) ಮತ್ತು ಕುಲಕರ್ಣಿ ವಂಶಪಾರಂಪರ್ಯದ ವತನದಾರರು, ಅಂದರೆ ಊರ ಕೆಲಸಕ್ಕೆ ಪ್ರತಿಯಾಗಿ ನೆಲ, ಹಕ್ಕು ಪಡೆದವರು. ಪರಗಣೆಯ (ಊರುಗಳ ಗುಂಪಿನ) ಮತ್ತು ಕುಲಕರ್ಣಿಯ ವತನಗಳು 1950ರ ಮುಂಬಯಿ ಕಾಯ್ದೆಯಿಂದ ಹೋದವು. ಗೌಡಕಿ ಹೋದದ್ದು 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾದಾಗ. ಸಂಬಳದ ತಲಾಟಿಯ (ಗ್ರಾಮ ಲೆಕ್ಕಿಗನ) ಸಹಿ ಇರುವ ಕಾಗದಕ್ಕೂ ಕುಲಕರ್ಣಿಯ ಸಹಿ ಇರುವುದಕ್ಕೂ ಇದೇ ವ್ಯತ್ಯಾಸ. ಕುಲಕರ್ಣಿಯ ಲೆಕ್ಕಪತ್ರ ಮನೆಯಲ್ಲೇ ಇರುತ್ತಿತ್ತು, ಕಚೇರಿಗೆ ಬಂದದ್ದು ಅದರ ನಕಲು. ಇವತ್ತಿಗೂ ಬಟ್ಟೆಯ ರುಮಾಲಿನಲ್ಲಿ ಸುತ್ತಿದ ದಫ್ತರ ಹಳೇ ವಾಡೆಗಳ ಮಾಳಿಗೆಯಲ್ಲಿ ಉಳಿದಿದ್ದರೆ ಕಾರಣ ಅದು. ಕೇಳುವಾಗ ಆಸ್ತಿಯ ತಗಾದೆಗೆ ಬಂದವರಲ್ಲ ಎಂದು ಮೊದಲೇ ಸ್ಪಷ್ಟ ಮಾಡಿ, ಫೋಟೊ ಅಲ್ಲಿಯೇ ತೆಗೆಯಿರಿ, ಕಟ್ಟು ಮನೆಯಿಂದ ಹೊರಗೆ ತರಬೇಡಿ.

ಪರಗಣೆಯ ಮೆಟ್ಟಿಲು

ಆದಿಲ್‌ಶಾಹಿ, ಅದು 1686ರಲ್ಲಿ ಬಿದ್ದ ಮೇಲೆ ಮೊಗಲರು, ಸವಣೂರಿನ ನವಾಬರು, ಪೇಶ್ವೆಗಳು, ಎಲ್ಲರೂ ಹೆಚ್ಚು ಕಡಿಮೆ ಒಂದೇ ಚೌಕಟ್ಟಿನಲ್ಲಿ ಆಳಿದರು. ಮೇಲೆ ಸರಕಾರ, ಅದರೊಳಗೆ ಪರಗಣೆ, ಅದರೊಳಗೆ ಸಮತು, ತರ್ಫ, ಕರ್ಯಾತ ಎಂಬ ಊರಗುಂಪುಗಳು. ಪರಗಣೆಗೆ ದೇಸಾಯಿ, ದೇಶಪಾಂಡೆ ಅಥವಾ ನಾಡಗೌಡ, ಊರಿಗೆ ಗೌಡ ಮತ್ತು ಕುಲಕರ್ಣಿ. ಧಣಿ ಬದಲಾದರೂ ದೇಸಾಯಿ ಬದಲಾಗುತ್ತಿರಲಿಲ್ಲ, ಆದ್ದರಿಂದ ಪರಗಣೆಯ ಗಡಿಯೂ ಅಷ್ಟಾಗಿ ಕದಲಲಿಲ್ಲ. ನಿಮ್ಮ ಊರಿನ ಹಕ್ಕಿನ ಕಾಯಿ, ಜಾತ್ರೆಯ ಮೊದಲ ಮರ್ಯಾದೆ ಯಾವ ದೇಸಗತಿ ಮನೆಗೆ ಸಲ್ಲುತ್ತಿತ್ತು ಎಂದು ಹಿರಿಯರನ್ನು ಕೇಳಿದರೆ ಪರಗಣೆಯ ಮೊದಲ ಅಂದಾಜು ಸಿಗುತ್ತದೆ. ಅದು ಸುಳಿವು ಮಾತ್ರ, ಕಾಗದದಿಂದ ಖಾತ್ರಿ ಮಾಡಿಕೊಳ್ಳಿ.

ಕೃಷ್ಣೆಯ ದಕ್ಷಿಣದ ಊರುಗಳಿಗೆ ಒಂದು ಚಿಕ್ಕ ಅಪವಾದವಿದೆ. 1778ರ ಹೊತ್ತಿಗೆ ಹೈದರ ಕೃಷ್ಣೆಯವರೆಗೆ ಬಂದಿದ್ದ, ಬಾದಾಮಿಯನ್ನು ಮರಾಠರು ಮತ್ತು ನಿಜಾಮನ ಪಡೆ ಮರಳಿ ಹಿಡಿದದ್ದು 1786ರಲ್ಲಿ. ಈ ಎಂಟು-ಹತ್ತು ವರ್ಷ ಪೇಶ್ವೆ ದಫ್ತರದಲ್ಲಿ ಊರು ಕಾಣದಿದ್ದರೆ ಹಾಳೆಯಲ್ಲಿ ಖಾಲಿ ಬಿಡಿ, ‘ಊರು ಹಾಳಾಗಿತ್ತು’ ಎಂದು ಬರೆಯಬೇಡಿ.

ಈ ಕಾಲದ ಕಾಗದ ಪುಣೆಯ ಪೇಶ್ವೆ ದಫ್ತರದಲ್ಲಿದೆ, ಕೊಲ್ಹಾಪುರ ಸಂಸ್ಥಾನದ್ದು ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ. 1852ರ ಇನಾಂ ಕಮಿಷನ್ ಕಾಯ್ದೆಯಂತೆ ಇನಾಂದಾರರು ತಮ್ಮ ಸನದುಗಳನ್ನು ತೋರಿಸಬೇಕಾಗಿ ಬಂದದ್ದರಿಂದ ಆಗಿನ ವಿಚಾರಣೆಯ ಕಡತಗಳಲ್ಲಿ ಅದಕ್ಕಿಂತ ನೂರಾರು ವರ್ಷ ಹಿಂದಿನ ಪತ್ರಗಳ ನಕಲು ಸಿಗುತ್ತದೆ. ಊರಲ್ಲಿ ಮಠಕ್ಕೆ, ದರ್ಗಾಕ್ಕೆ, ಗುಡಿಗೆ ಇನಾಂ ಹೊಲ ಇದ್ದರೆ ಅಲ್ಲಿಂದ ಶುರು ಮಾಡಿ. ಭಾಷೆ ಮರಾಠಿ, ಲಿಪಿ ಮೋಡಿ. ಅಕ್ಷರ ಕಲಿಯಲು ಆರು ತಿಂಗಳ ಬೈಗು ಸಾಕು, ಓದಲು ರೂಢಿಯಾಗಲು ಅದಕ್ಕಿಂತ ಹೆಚ್ಚು. ಊರಿನ ಹೆಸರುಗಳನ್ನು ಮಾತ್ರ ಮೋಡಿ ಓದಬಲ್ಲವರ ಜೊತೆ ಕೂತು ನೀವೇ ಓದಿಸಿ, ಯಾಕಂದರೆ ಅವರಿಗೆ ನಿಮ್ಮ ಸುತ್ತಲಿನ ಹಳ್ಳಿಗಳು ಗೊತ್ತಿರುವುದಿಲ್ಲ.

ವರ್ಷದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಆಗಿನ ಕಾಗದಗಳಲ್ಲಿ ಬರುವ ಫಸಲಿ ಮತ್ತು ಶುಹೂರ್ ಎಂಬ ವರ್ಷದ ಎಣಿಕೆಗಳೆರಡೂ ಮೃಗಶಿರೆ ಮಳೆಯ ಹೊತ್ತಿಗೆ ಶುರು. ದಖ್ಖನಿನ ಫಸಲಿಗೆ ಜೂನ್‌ನಿಂದ ಡಿಸೆಂಬರ್‌ವರೆಗೆ 590, ಜನವರಿಯಿಂದ ಮೇವರೆಗೆ 591 ಕೂಡಿಸಿದರೆ ಇಸವಿ. ಶುಹೂರಿಗೆ ಹಾಗೆಯೇ 599, 600. ಶುಹೂರನ್ನು ಅಂಕಿಯಲ್ಲಲ್ಲ, ಅರಬ್ಬಿ ಎಣಿಕೆಯ ಮಾತಿನಲ್ಲಿ, ಬಿಡಿಯಿಂದ ಸಾವಿರಕ್ಕೆ ಬರೆಯುತ್ತಾರೆ. ‘ಖಮಸ ಸಬೈನ ಮಯಾ ಅಲಫ’ ಎಂದರೆ ಐದು, ಎಪ್ಪತ್ತು, ನೂರು, ಸಾವಿರ, ಒಟ್ಟು 1175, ಅಂದರೆ 1774-75. ಸಬಾ ಏಳು, ಸಬೈನ ಎಪ್ಪತ್ತು. ಇವೆರಡು ಅದಲುಬದಲಾದರೆ ದಶಕಗಳೇ ಜಾರಿಹೋಗುತ್ತವೆ.

ನಾಡಿನ ಮೆಟ್ಟಿಲು

ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ ಕಾಲದ ಘಟಕಗಳಿಗೆ ಬಾಲದಲ್ಲಿ ಒಂದು ಅಂಕಿ ಇರುತ್ತದೆ. ಬೆಳಗಾವಿಯ ಬಹುಭಾಗ ಕೂಂಡಿ 3000, ರಟ್ಟರ ನಾಡು, ಮೊದಲು ಸವದತ್ತಿ, 13ನೇ ಶತಮಾನದ ಹೊತ್ತಿಗೆ ವೇಣುಗ್ರಾಮ (ಈಗಿನ ಬೆಳಗಾವಿ) ರಾಜಧಾನಿ. ಖಾನಾಪುರದ ಕಡೆ ಹಲಸಿಗೆ 12000, ಹೆಸರಿಗೆ ಕಾರಣ ಹಲಸಿ. ರಾಮದುರ್ಗದ ಕಡೆ ತೊರಗಲೆ 6000. ವಿಜಯಪುರದ ಭೀಮಾತೀರ ತರ್ದವಾಡಿ 1000. ಚಾಲುಕ್ಯರ ರಾಜ್ಯವನ್ನು ಮತ್ತೆ ಕಟ್ಟಿದ ಎರಡನೇ ತೈಲಪ ರಾಷ್ಟ್ರಕೂಟ ಮೂರನೇ ಕೃಷ್ಣನ ಕೈಕೆಳಗೆ ಆಳುತ್ತಿದ್ದದ್ದು ಇದನ್ನೇ. ಪಟ್ಟದಕಲ್ಲಿನ ಸುತ್ತ ಕಿಸುಕಾಡು 70, ಬಾಗಲಕೋಟೆಯ ಸುತ್ತ ಬಾಗಡಗೆ 70, ಬಾದಾಮಿ ತಾಲ್ಲೂಕಿನಲ್ಲಿ ಕೆಳವಾಡಿ 300.

ಅಂಕಿಯನ್ನು ಊರುಗಳ ಸಂಖ್ಯೆ ಎಂದು ಎಲ್ಲ ಕಡೆ ಓದುವಂತಿಲ್ಲ. 12, 30, 70ರಂಥ ಚಿಕ್ಕ ಅಂಕಿಗಳು ನಿಜವಾಗಿಯೂ ಊರುಗಳ ಲೆಕ್ಕವೆಂದು ಒಪ್ಪಬಹುದು, ಸುಗಂಧವರ್ತಿ 12 ಎಂದರೆ ಹನ್ನೆರಡು ಹಳ್ಳಿಯ ಗುಂಪು. ಆದರೆ ಹಲಸಿಗೆಯ ನೆಲದಲ್ಲಿ ಹನ್ನೆರಡು ಸಾವಿರ ಹಳ್ಳಿ ಹಿಡಿಸುವುದಿಲ್ಲ. ದೊಡ್ಡ ಅಂಕಿಗಳು ಕಂದಾಯದ ಅಂದಾಜೋ, ರೂಢಿಯಿಂದ ಬಂದದ್ದೋ ಎಂಬ ವಾದ ವಿದ್ವಾಂಸರಲ್ಲಿ ಮುಗಿದಿಲ್ಲ. ನಿಮ್ಮ ಹಾಳೆಯಲ್ಲಿ ಅಂಕಿಯನ್ನು ಹೆಸರಿನ ಭಾಗವಾಗಿ ಬರೆದು ಸುಮ್ಮನಿರಿ.

ಕೆಲಸಕ್ಕೆ ಬರುವುದು ಗಡಿಯ ಸಾಲುಗಳು. ಗೋಕಾಕದ ಕಡೆಯ ಕಲ್ಲೋಳಿಯ 1204ರ ರಟ್ಟರ ಶಾಸನ ಊರನ್ನು ಕೂಂಡಿ 3000ದೊಳಗಿನ ಕುರುಂಬೆಟ್ಟ ಕಂಪಣದ ಸಿಂದನಕಲ್ಪೊಳೆ ಎನ್ನುತ್ತದೆ. ಇಂಥಲ್ಲಿ ಊರು, ಕಂಪಣ, ನಾಡು ಎಂಬ ಮೂರು ಮೆಟ್ಟಿಲು ಒಂದೇ ವಾಕ್ಯದಲ್ಲಿ ಸಿಗುತ್ತವೆ. ದತ್ತಿ ಕೊಟ್ಟ ನೆಲದ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಹೇಳುವ ಸಾಲುಗಳನ್ನು ಗ್ರಾಮ ನಕಾಶೆಯಿಂದ ಮಾಡಿಟ್ಟ ನೆರೆಯೂರುಗಳ ಪಟ್ಟಿಯ ಪಕ್ಕ ಇಡಿ. ಎರಡು ದಿಕ್ಕು ಕೂಡಿದರೆ ಊರು ಅದೇ ಎಂದು ಬಹುಮಟ್ಟಿಗೆ ಹೇಳಬಹುದು. ಬರೀ ಹೆಸರಿನ ಧ್ವನಿ ಕೂಡಿದರೆ ಏನೂ ಹೇಳಬಾರದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ನಿಂತಿರುವ 945ರ ಕಂಬದ ಶಾಸನದಲ್ಲಿ ಊರು ಪಾವಿಟ್ಟಗೆ. ಧ್ವನಿಯನ್ನೇ ನೆಚ್ಚಿ ಹೊರಟವರಿಗೆ ಅದು ಸಿಗುತ್ತಲೇ ಇರಲಿಲ್ಲ.

ಶಾಸನದ ಕಲ್ಲು ಈಗ ನಿಂತಿರುವ ಊರೇ ಶಾಸನದ ಊರು ಎಂದೂ ತಿಳಿಯಬೇಡಿ. ಕೆರೆಯ ಕೋಡಿಗೆ, ಊರ ಅಗಸೆಗೆ (ಹೆಬ್ಬಾಗಿಲಿಗೆ), ವಾಡೆಯ ಮೆಟ್ಟಿಲಿಗೆ ಪಕ್ಕದೂರಿನ ಕಲ್ಲು ಬಂದಿರುತ್ತದೆ. ಓದಿದ ಪಾಠ ಹುಡುಕಲು ದಕ್ಷಿಣ ಭಾರತದ ಶಾಸನಗಳ ಸರಣಿಯ 11, 15, 18, 20ನೇ ಸಂಪುಟಗಳು ಮುಂಬಯಿ-ಕರ್ನಾಟಕಕ್ಕೇ ಮೀಸಲು. ಅವುಗಳಲ್ಲಿ ಊರುಗಳನ್ನು ಅಚ್ಚಾದ ಕಾಲದ ತಾಲ್ಲೂಕಿನ ಹೆಸರಲ್ಲಿ ಹಾಕಿದ್ದಾರೆ, ಮತ್ತೆ ಪರಸಗಡ, ಸಂಪಗಾಂವ ನೆನಪಿರಲಿ. ಶಕವರ್ಷಕ್ಕೆ 78 (ಜನವರಿಯಿಂದ ಯುಗಾದಿಯವರೆಗೆ 79), ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿ.

ತೇರದಾಳದ ಹಾಳೆ ಹೇಗಿರುತ್ತದೆ

ಕೆಳಗಿನಿಂದ ಮೇಲಕ್ಕೆ ಓದಿ. 12ನೇ ಶತಮಾನದ ಶಾಸನದಲ್ಲಿ ಕೂಂಡಿ 3000ದೊಳಗಿನ ತೇರಿದಾಳ 12ರ ಮುಖ್ಯ ಊರು, ಮಂಡಳಿಕ ಗೊಂಕ ನೇಮಿನಾಥ ಬಸದಿ ಕಟ್ಟಿಸಿದ ಕಾಲ. ಬ್ರಿಟಿಷರ ಕಾಲದಲ್ಲಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು ಕೇಂದ್ರ. 1948ರ ವಿಲೀನದ ನಂತರ ವಿಜಾಪುರ ಜಿಲ್ಲೆ, ಜಮಖಂಡಿ ತಾಲ್ಲೂಕು. 1997ರಿಂದ ಬಾಗಲಕೋಟೆ ಜಿಲ್ಲೆ. ಹೊಸ ತಾಲ್ಲೂಕುಗಳ ಕಾಲಕ್ಕೆ ರಬಕವಿ-ಬನಹಟ್ಟಿಯ ಕಡೆಗೆ, ಆಮೇಲೆ ತೇರದಾಳದ ಹೆಸರಲ್ಲೇ ತಾಲ್ಲೂಕು. ನಡುವೆ ಪರಗಣೆಯ ಕಾಲದ ಸಾಲು ಖಾಲಿ ಇದೆ, ಅದನ್ನು ತುಂಬುವ ಕೆಲಸ ಮೋಡಿ ಕಲಿತವರದು. ರಟ್ಟರ ಕಾಲದ ಹನ್ನೆರಡು ಹಳ್ಳಿ ಯಾವುವು, ಅವುಗಳಲ್ಲಿ ಎಷ್ಟು ಸಾಂಗ್ಲಿಯ ತಾಲ್ಲೂಕಿನಲ್ಲಿ ಉಳಿದಿದ್ದವು ಎಂದು ನಕಾಶೆಯ ಮೇಲೆ ಹಚ್ಚಿ ನೋಡುವುದು ಅಲ್ಲಿನವರಿಗೆ ಒಂದು ಒಳ್ಳೆಯ ಕೆಲಸ.

ಲೆಕ್ಕಕ್ಕೆ ಸಿಗದ ಊರುಗಳು

ಹಳೇ ಪಟ್ಟಿಯಲ್ಲಿದ್ದು ಈಗ ಜನರಿಲ್ಲದ ಊರು ಬೇಚಿರಾಖ. ಗ್ರಾಮದ ಹೆಸರು ಮತ್ತು ಸರ್ವೆ ನಂಬರುಗಳು ಮಾತ್ರ ಉಳಿದಿರುತ್ತವೆ, ಹೊಲ ಉಳುವವರು ಪಕ್ಕದೂರಲ್ಲಿ. ಇದಕ್ಕೆ ತಿರುಗಾಮುರುಗಾ ಮಜರೆ: ಜನ ಇದ್ದಾರೆ, ಕಂದಾಯದಲ್ಲಿ ಪ್ರತ್ಯೇಕ ಹೆಸರಿಲ್ಲ, ದಾಖಲೆ ಮೂಲ ಗ್ರಾಮದ ಹೆಸರಲ್ಲಿ.

ಮುಳುಗಡೆ ಊರುಗಳಿಗೆ ಹೆಚ್ಚು ಎಚ್ಚರ ಬೇಕು. ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ಹಿನ್ನೀರಿನಿಂದ ಎದ್ದು ಬಂದ ಊರಿನ ಹೆಸರು ಪುನರ್ವಸತಿ ಕೇಂದ್ರದ ಜೊತೆ ಬಂದಿದೆ, ನೆಲ ಬಂದಿಲ್ಲ. ಹೊಸ ಊರು ನಿಂತಿರುವ ಜಾಗ ಮುಂಚೆ ಬೇರೊಂದು ಕಂದಾಯ ಗ್ರಾಮದ ಸರ್ವೆ ನಂಬರು. ಇಂಥ ಊರಿಗೆ ಎರಡು ಹಾಳೆ ಮಾಡಿ, ಒಂದು ಜನರದು, ಒಂದು ನೆಲದ್ದು. ಹಳೇ ಗ್ರಾಮ ನಕಾಶೆಯನ್ನು ಮುಳುಗಡೆಗೆ ಮುಂಚಿನ ಟೋಪೋಶೀಟಿನ ಮೇಲೆ ಹೊಂದಿಸಿ, ಮೂರು ಗಡಿ ಕೂಡುವ ಕಲ್ಲುಗಳಲ್ಲಿ ನೀರಿನಿಂದ ಹೊರಗೆ ಉಳಿದವು ಯಾವುವೆಂದು ಮೊದಲು ಗುರುತಿಸಿ.

ಬೆಳಗಾವಿ, ಖಾನಾಪುರದ ಕಥೋಲಿಕ ಮನೆತನಗಳ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇನ್ನೊಂದೇ ಗಡಿಯವು. ಅವು ಧರ್ಮಕೇಂದ್ರದ ಲೆಕ್ಕ, ತಾಲ್ಲೂಕಿನದಲ್ಲ. ಬೆಳಗಾವಿ ಧರ್ಮಪ್ರಾಂತ ಆದದ್ದು 1953ರಲ್ಲಿ, ಗೋವೆ ಮತ್ತು ಪುಣೆಯ ಧರ್ಮಪ್ರಾಂತಗಳ ನೆಲದಿಂದ. ಅದಕ್ಕೆ ಮುಂಚಿನ ಮೇಲಿನ ಪತ್ರವ್ಯವಹಾರ ಹುಡುಕುವವರು ಆ ಧರ್ಮಕೇಂದ್ರ ಆಗ ಎರಡರಲ್ಲಿ ಯಾವುದರ ಕೆಳಗಿತ್ತು ಎಂದು ಚರ್ಚಿನ ಗುರುಗಳನ್ನು ಮೊದಲು ಕೇಳಬೇಕು, ಪುಸ್ತಕ ತೆರೆಸುವುದು ಆಮೇಲೆ.